ಗುಜರಿಯವನೂ ಬೇಡ ಅನ್ನೋ ರೆಕ್ಕೆ



ಇವತ್ತು ರಾಜಕೀಯ ಬೇಡ. ಒಂದು ರಾತ್ರಿ ನಾನು ಮಾತಾಡದೇ ಇದ್ದರೆ ಯಾರ ಕುರ್ಚಿಯೂ ಅಲ್ಲಾಡಲ್ಲ. ಅಲ್ಲಾಡಿದರೆ ಕೆಳಗೆ ಪಟ್ಟಿಯಲ್ಲಿ ಬರುತ್ತೆ, ನೋಡ್ಕೊಳ್ಳಿ. ಇವತ್ತು ನಾನು ಅಂಟಿನ ಬಗ್ಗೆ ಮಾತಾಡ್ತೀನಿ. ಹೌದು ಸ್ವಾಮಿ, ಅಂಟು. ಮುರಿದ ಮಗ್ಗಿನ ಹಿಡಿಕೆಗೆ ಹಚ್ತೀವಲ್ಲ, ಅದೇ ಜಾತಿಯ ಅಂಟು.

ಕಳೆದ ವಾರ ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಾಪಸ್ ಬರ್ತಾ ಇದ್ದೆ. ಚಿತ್ರದುರ್ಗ ದಾಟಿ, ಹಿರಿಯೂರಿಗೆ ಸ್ವಲ್ಪ ಮುಂಚೆ, ಟೀ ಕುಡಿಯೋಣ ಅಂತ ನಿಲ್ಲಿಸಿದೆ. ಅಂಗಡಿ ಪಕ್ಕದಲ್ಲಿ ಒಂದು ಟ್ರೇಲರ್ ನಿಂತಿತ್ತು. ಅದರ ಮೇಲೆ ಒಂದೇ ಒಂದು ವಸ್ತು: ಗಾಳಿಯಂತ್ರದ ರೆಕ್ಕೆ. 60 ಮೀಟರ್ ಮೇಲೇ ಇರಬೇಕು. ಲಾರಿಯ ತಲೆ ಅಂಗಡಿಯ ಮುಂದೆ, ರೆಕ್ಕೆಯ ಬಾಲ ಎಲ್ಲೋ ಹಿಂದೆ ಬೇವಿನಮರದ ಹತ್ತಿರ. ಟೀ ಅಂಗಡಿಯವರು ನನ್ನ ಗುರುತು ಹಿಡಿದರು. ಲೋಟ ಕೈಗೆ ಕೊಡ್ತಾ ಕೇಳಿದರು: "ಸಾರ್, ಟೀವೀಲಿ ಎಲ್ಲಾ ಹೇಳ್ತೀರಲ್ಲ, ಒಂದು ಕೇಳ್ಲಾ? ಇದು ಹಳೇದಾದ ಮೇಲೆ ಗುಜರಿಗೆ ಹಾಕಿದ್ರೆ ಕೆಜಿಗೆ ಎಷ್ಟು ಬರತ್ತೆ?"

ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವನು. ನಾಲ್ಕು ವರ್ಷ ಅಪ್ಪನ ದುಡ್ಡಲ್ಲಿ ಓದಿದ್ದೀನಿ. ಆದರೂ ತಕ್ಷಣ ಉತ್ತರ ಬರಲಿಲ್ಲ. ನಕ್ಕು, ಟೀ ದುಡ್ಡು ಕೊಟ್ಟು, ಕಾರು ಹತ್ತಿದೆ. ಮನೆಗೆ ಬಂದು ಓದ್ತಾ ಕೂತೆ. ಆ ಯಜಮಾನರಿಗೆ ಕೊಡಬೇಕಿದ್ದ ಉತ್ತರವನ್ನ ಇವತ್ತು ನಿಮ್ಮ ಮುಂದೆ ಇಡ್ತೀನಿ.

ಉತ್ತರ ಒಂದೇ ಸಾಲಿನದು. ಏನೂ ಬರಲ್ಲ. ತಗೊಂಡು ಹೋಗಪ್ಪಾ ಅಂತ ನಾವೇ ಕೈಯಿಂದ ದುಡ್ಡು ಕೊಡಬೇಕು.

ಗಾಳಿಯಂತ್ರದ ಉಳಿದ ಭಾಗಗಳಿಗೆ ಗುಜರಿ ಬೆಲೆ ಚೆನ್ನಾಗೇ ಇದೆ. ಕಂಬ ಉಕ್ಕು, ಜನರೇಟರ್ ಒಳಗೆ ತಾಮ್ರ, ಗೇರ್‌ಬಾಕ್ಸ್ ಕಬ್ಬಿಣ. ಇಡೀ ಯಂತ್ರದ ತೂಕದಲ್ಲಿ ಶೇಕಡಾ 85ರಿಂದ 90ರಷ್ಟನ್ನ ಮರುಬಳಕೆ ಮಾಡಬಹುದು ಅಂತ ಆ ಉದ್ಯಮದವರೇ ಹೇಳ್ತಾರೆ. ಉಳಿಯೋದು ಮುಖ್ಯವಾಗಿ ರೆಕ್ಕೆ. ಯಾಕೆ? ಅದರೊಳಗೆ ಏನಿದೆ ನೋಡಿ. ಗಾಜಿನ ನೂಲು. ಕೂದಲಿಗಿಂತ ಸಣ್ಣ ನೂಲನ್ನ ಬಟ್ಟೆ ಥರ ನೇಯ್ದು ಪದರ ಪದರ ಹಾಸ್ತಾರೆ. ನಡುವೆ ಬಾಲ್ಸಾ ಅನ್ನೋ ಹಗುರ ಮರ, ಇಲ್ಲಾ ಫೋಮ್. ಇದಕ್ಕೆಲ್ಲ ಎಪಾಕ್ಸಿ ರಾಳ ಕುಡಿಸಿ ಗಟ್ಟಿ ಮಾಡ್ತಾರೆ. ಹೀಗೆ ಎರಡು ಚಿಪ್ಪು ತಯಾರಾಗುತ್ತೆ, ಕಡಲೆಕಾಯಿ ಸಿಪ್ಪೆ ಥರ. ಆ ಎರಡು ಚಿಪ್ಪನ್ನ ಮತ್ತೆ ಅಂಟಿನಿಂದಲೇ ಕೂಡಿಸ್ತಾರೆ. ನೂಲನ್ನ ನೂಲಿಗೆ ಹಿಡಿದಿರೋದೂ ಅಂಟು, ಚಿಪ್ಪನ್ನ ಚಿಪ್ಪಿಗೆ ಹಿಡಿದಿರೋದೂ ಅಂಟು. ಇದಕ್ಕೇ ಕಾಂಪೋಸಿಟ್ ಅನ್ನೋದು. ಬೇರೆ ಬೇರೆ ವಸ್ತು ಸೇರಿ ಒಂದಾದದ್ದು.

ಈಗ ಅಡುಗೆಮನೆಗೆ ಬನ್ನಿ. ಬೆಲ್ಲ ಕಾಯಿಸಿದರೆ ಪಾಕ ಆಗುತ್ತೆ. ಆರಿದರೆ ಗಟ್ಟಿ. ಮತ್ತೆ ಕಾಯಿಸಿದರೆ ಮತ್ತೆ ಪಾಕ. ನಮ್ಮ ಬಕೆಟ್ಟು, ಕೊಡ, ಹಾಲಿನ ಕವರ್ ಎಲ್ಲ ಈ ಬೆಲ್ಲದ ಜಾತಿ. ಕರಗಿಸಿ ಬೇರೆ ಮಾಡಬಹುದು. ಎಪಾಕ್ಸಿ ಹಾಗಲ್ಲ, ಅದು ದೋಸೆಯ ಜಾತಿ. ಒಂದು ಸಲ ಕಾವಲಿ ಮೇಲೆ ಬೆಂದ ಮೇಲೆ ಅದನ್ನ ಎಷ್ಟೇ ಬಿಸಿ ಮಾಡಿ, ಹಿಟ್ಟು ವಾಪಸ್ ಬರುತ್ತಾ? ಸೀದು ಹೋಗುತ್ತೆ ಅಷ್ಟೇ. ಎಪಾಕ್ಸಿಯ ಅಣುಗಳು ಒಂದಕ್ಕೊಂದು ಕೈ ಹಿಡಿದು ಬಲೆ ಕಟ್ಟಿಬಿಡ್ತವೆ. ಆ ಬಲೆ ಕರಗಲ್ಲ. ಅದಕ್ಕೇ ರೆಕ್ಕೆ ಇಪ್ಪತ್ತು, ಇಪ್ಪತ್ತೈದು ವರ್ಷ ಬಿಸಿಲು, ಮಳೆ, ಗಾಳಿ ತಡ್ಕೊಳ್ಳೋದು. ಅದಕ್ಕೇ ಆಮೇಲೆ ಅದು ಯಾತಕ್ಕೂ ಬಾರದೇ ಹೋಗೋದು. ಎರಡಕ್ಕೂ ಕಾರಣ ಒಂದೇ.

ಇಲ್ಲಿ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಕೊನೇ ವರ್ಷದ ಪ್ರಾಜೆಕ್ಟ್‌ನಲ್ಲಿ ನಾವು ನಾಲ್ಕು ಜನ ಹುಡುಗರು ಮಾಡಿದ್ದೂ ಇದೇ ಕೆಲಸ. ಗಾಜುನೂಲಿನ ಪಟ್ಟಿಗಳನ್ನ ಎಪಾಕ್ಸಿಯಿಂದ ಒಂದರ ಮೇಲೊಂದು ಅಂಟಿಸೋದು, ಯಂತ್ರಕ್ಕೆ ಕಚ್ಚಿಸಿ ಎರಡೂ ಕಡೆಯಿಂದ ಎಳೆಯೋದು, ಎಷ್ಟು ಬಲಕ್ಕೆ ಬಿಡುತ್ತೆ ಅಂತ ಬರ್ಕೊಳ್ಳೋದು. ಒಂದು ದಿನ ಏನಾಯ್ತು, ಪಟ್ಟಿಯೇ ಹರಿದು ಹೋಯ್ತು, ಅಂಟು ಬಿಡಲಿಲ್ಲ! ಲ್ಯಾಬಲ್ಲಿ ಚಪ್ಪಾಳೆ. ವರದಿಯಲ್ಲಿ ಆ ಫೋಟೋನೇ ದೊಡ್ಡದಾಗಿ ಹಾಕಿದ್ವಿ. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಹತ್ತು ಪ್ರಶ್ನೆ ಕೇಳಿದರು. ಅಂಟಿನ ದಪ್ಪ ಎಷ್ಟು, ಎಷ್ಟು ಗಂಟೆ ಒಣಗಿಸಿದಿರಿ, ಮೇಲ್ಮೈ ಹೇಗೆ ಉಜ್ಜಿದಿರಿ. ಇದನ್ನ ಬಿಡಿಸೋದು ಹೇಗಪ್ಪಾ ಅಂತ ಒಬ್ಬರೂ ಕೇಳಲಿಲ್ಲ. ನಾವೂ ಕೇಳ್ಕೊಳ್ಳಲಿಲ್ಲ. ಪರೀಕ್ಷೆ ಮುಗಿದ ಮೇಲೆ ಆ ಪಟ್ಟಿಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿದ ಲ್ಯಾಬ್ ಅಟೆಂಡರ್ ಮಾತ್ರ ಒಂದು ಮಾತು ಅಂದರು: "ಇದನ್ನ ಎಲ್ಲಿ ಹಾಕೋದ್ರಪ್ಪಾ? ಗುಜರಿಯೋನೂ ಬೇಡ ಅಂತಾನೆ." ನಾವು ನಕ್ಕಿದ್ವಿ. ಅವರು ಕೇಳಿದ್ದೇ ಅಸಲಿ ವೈವಾ ಪ್ರಶ್ನೆ ಅಂತ ಹೊಳೆಯೋದಕ್ಕೆ ನನಗೆ ಹಿರಿಯೂರಿನ ಟೀ ಬೇಕಾಯ್ತು.

ಆ ಪ್ರಶ್ನೆಗೆ ಉತ್ತರ ಇಲ್ಲದೇ ಹೋದರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದ ವಯೋಮಿಂಗ್ ರಾಜ್ಯದ ಕ್ಯಾಸ್ಪರ್ ಊರು ನೋಡಿ. 2020ರಲ್ಲಿ ಅಲ್ಲಿನ ಕಸದ ಹೊಂಡದ ಚಿತ್ರಗಳು ಪ್ರಪಂಚವೆಲ್ಲ ಓಡಾಡಿದವು. ಒಂದೊಂದು ರೆಕ್ಕೆಯನ್ನೂ ಮೂರು ತುಂಡು ಮಾಡಿ, ಸಾಲಾಗಿ ಮಲಗಿಸಿ, ಮೇಲೆ ಮಣ್ಣು ಎಳೀತಿದ್ದರು. ನೂರಾರು ರೆಕ್ಕೆ. ಮೇಲಿಂದ ನೋಡಿದರೆ ಸ್ಮಶಾನವೇ. ಆ ರೆಕ್ಕೆಗಳಿಗೇನೂ ರೋಗ ಬಂದಿರಲಿಲ್ಲ. ಗಾಜುನೂಲು ಗಟ್ಟಿಯಾಗೇ ಇತ್ತು. ಬಿಡಿಸೋಕೆ ದಾರಿ ಇರಲಿಲ್ಲ, ಅಷ್ಟೇ.

ಯುರೋಪಿನಲ್ಲಿ ಜರ್ಮನಿ, ಆಸ್ಟ್ರಿಯಾ, ನೆದರ್ಲೆಂಡ್ಸ್, ಫಿನ್‌ಲೆಂಡ್‌ಗಳು ಕಾಂಪೋಸಿಟ್ ಕಸವನ್ನ ಹೀಗೆ ಹೂಳೋದಕ್ಕೆ ತಡೆ ಹಾಕಿವೆ. ಹಾಗಾದರೆ ಅವರು ಏನು ಮಾಡ್ತಾರೆ? ಪುಡಿ ಮಾಡಿ ಸಿಮೆಂಟ್ ಗೂಡಿಗೆ ಹಾಕ್ತಾರೆ. ರಾಳ ಇಂಧನವಾಗಿ ಉರಿಯುತ್ತೆ, ಗಾಜು ಸಿಮೆಂಟಿನೊಳಗೆ ಸೇರುತ್ತೆ. ಹೂಳೋದಕ್ಕಿಂತ ವಾಸಿ, ಒಪ್ಪೋಣ. ಆದರೆ ಇದು ರೇಷ್ಮೆ ಸೀರೆ ಹಳೇದಾಯ್ತು ಅಂತ ಒಲೆ ಹಚ್ಚೋದಕ್ಕೆ ಹಾಕಿದ ಹಾಗೆ. ನೂಲಿನ ಬೆಲೆ ನೂಲಾಗಿ ಉಳಿಯಲಿಲ್ಲ.

ಅಮೆರಿಕದ ಕಥೆ ನಮಗ್ಯಾಕೆ ಅಂತೀರಾ? ಜೋಗಿಮಟ್ಟಿ ಬೆಟ್ಟ ಹತ್ತಿ ನೋಡಿ. ಗದಗದ ಕಪ್ಪತಗುಡ್ಡದ ಕಡೆ ಹೋಗಿ ನೋಡಿ. ಗಾಳಿ ವಿದ್ಯುತ್ತಿನಲ್ಲಿ ಕರ್ನಾಟಕ ದೇಶದ ಮುಂಚೂಣಿ ರಾಜ್ಯಗಳಲ್ಲಿ ಒಂದು. 5000 ಮೆಗಾವ್ಯಾಟ್‌ಗಿಂತ ಹೆಚ್ಚು ಸಾಮರ್ಥ್ಯದ ಯಂತ್ರಗಳು ನಮ್ಮ ಬೆಟ್ಟಗಳ ಮೇಲೆ, ಹೊಲಗಳ ಅಂಚಿನಲ್ಲಿ ನಿಂತಿವೆ. ಇದರ ಬಗ್ಗೆ ನನಗೆ ಹೆಮ್ಮೆ ಇದೆ. ಆದರೆ ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಿಂತವುಗಳಿಗೆ ಈಗ ವಯಸ್ಸಾಯ್ತು. ಹಳೇ ಸಣ್ಣ ಯಂತ್ರ ಇಳಿಸಿ ದೊಡ್ಡದು ಹಾಕೋದಕ್ಕೆ ಕೇಂದ್ರ ಸರ್ಕಾರ 2016ರಲ್ಲೇ ಒಂದು ನೀತಿ ತಂತು, 2023ರ ಡಿಸೆಂಬರ್‌ನಲ್ಲಿ ಅದನ್ನ ಪರಿಷ್ಕರಿಸಿತು. ಅಂದರೆ ಹಳೇ ರೆಕ್ಕೆಗಳು ಕೆಳಗೆ ಇಳಿಯೋ ಕಾಲ ಬಂದಿದೆ. ಒಂದು ಯಂತ್ರಕ್ಕೆ ಮೂರು ರೆಕ್ಕೆ. ಇಳಿದ ರೆಕ್ಕೆ ಯಾರ ಹೊಲದ ಪಕ್ಕ ಮಲಗುತ್ತೆ? ಯಾವ ಹಳ್ಳಿಯ ಗೋಮಾಳದಲ್ಲಿ? ಈಗಲೇ ಕೇಳಬೇಕಾದ ಪ್ರಶ್ನೆ ಇದು.

ಗಾಳಿಯಂತ್ರ ಒಂದೇ ಅಲ್ಲ. ಬೋಯಿಂಗ್ 787 ವಿಮಾನದ ತೂಕದಲ್ಲಿ ಸುಮಾರು ಅರ್ಧ ಕಾಂಪೋಸಿಟ್. ನಮ್ಮ ತೇಜಸ್‌ನ ಮೈಯಲ್ಲೂ ಅದೇ, ಅದರ ಕಾಂಪೋಸಿಟ್ ಭಾಗಗಳ ಹಿಂದೆ ಬೆಂಗಳೂರಿನ ಎನ್‌ಎಎಲ್ ವಿಜ್ಞಾನಿಗಳ ಕೆಲಸ ಇದೆ. ಅಷ್ಟು ದೂರ ಯಾಕೆ, ನಿಮ್ಮ ಜೇಬಿನ ಫೋನು ತೆಗೀರಿ. ಹೋದ ವರ್ಷ ನಮ್ಮಮ್ಮನ ಫೋನಿನ ಬ್ಯಾಟರಿ ಉಬ್ಬಿಕೊಂಡಿತು. ಎಸ್‌ಪಿ ರೋಡಿಗೆ ತಗೊಂಡು ಹೋದೆ. ರಿಪೇರಿ ಹುಡುಗ ತಿರುಗಿಸಿ ಮುರುಗಿಸಿ ನೋಡಿ ಹೇಳಿದ: "ಸಾರ್, ಹಿಂದಿನ ಗ್ಲಾಸು ಅಂಟಿಸಿದ್ದಾರೆ, ಬ್ಯಾಟರೀನೂ ಅಂಟಿಸಿದ್ದಾರೆ. ಎಬ್ಬಿಸೋವಾಗ ಗ್ಲಾಸ್ ಒಡೀಬಹುದು, ಡಿಸ್‌ಪ್ಲೇ ಹೋಗಬಹುದು. ನಂದೇನೂ ಗ್ಯಾರಂಟಿ ಇಲ್ಲ. ಹೊಸದು ತಗೊಂಡ್ಬಿಡಿ." ಹಾಳಾಗಿದ್ದು ಬ್ಯಾಟರಿ ಒಂದೇ. ಅಂಟಿನ ದೆಸೆಯಿಂದ ಇಡೀ ಫೋನು ಕಸ. ಅಮ್ಮ ಕೇಳಿದ್ದು ಒಂದೇ ಮಾತು: "ಟಾರ್ಚಿಗೆ ಸೆಲ್ಲು ಹಾಕ್ದಂಗೆ ಹಾಕೋದಕ್ಕೆ ಇವ್ರಿಗೇನು ಬಂದಿತ್ತು?"

ಸರಿ, ಬೈದಿದ್ದಾಯ್ತು. ದಾರಿ ಏನು?

ದಾರಿ ನಮ್ಮೂರ ಅಕ್ಕಸಾಲಿಗರಿಗೆ ಯಾವತ್ತಿಂದಲೋ ಗೊತ್ತು. ಒಡವೆ ಮೇಲೆ ಚಿತ್ತಾರ ತೆಗೆಯೋವಾಗ ಅದು ಅಲ್ಲಾಡಬಾರದು. ಅದಕ್ಕೆ ಅರಗು ಕಾಯಿಸಿ, ಅದರಲ್ಲಿ ಒಡವೆ ಕೂರಿಸ್ತಾರೆ. ಅರಗು ಆರಿದ ಮೇಲೆ ಸುತ್ತಿಗೆ, ಉಳಿ ಏನೇ ಆಡಿಸಿ, ಕದಲಲ್ಲ. ಕೆಲಸ ಮುಗೀತಾ? ಸ್ವಲ್ಪ ಬಿಸಿ ತೋರಿಸ್ತಾರೆ. ಅರಗು ಬಿಟ್ಕೊಡುತ್ತೆ. ಒಡವೆ ಈಚೆ, ಅರಗು ಮುಂದಿನ ಕೆಲಸಕ್ಕೆ. ವೀಣೆ ಮಾಡೋರನ್ನ ಕೇಳಿ. ವೀಣೆಯ 24 ಮೆಟ್ಟಿಲು ಕೂತಿರೋದು ಮೇಣದಲ್ಲಿ. ವರ್ಷಗಟ್ಟಲೆ ಬೆರಳು ಒತ್ತಿದರೂ ಜಾಗ ಬಿಡಲ್ಲ. ಸ್ವರ ತಪ್ಪಿತು ಅಂದರೆ ಮೇಣಕ್ಕೆ ಬಿಸಿ ಕೊಟ್ಟು, ಮೆಟ್ಟಿಲು ಸರಿಮಾಡಿ ಮತ್ತೆ ಕೂರಿಸ್ತಾರೆ. ವೀಣೆ ಒಡೆಯಬೇಕಾಗಿಲ್ಲ.

ಗಮನಿಸಿ. ಅಕ್ಕಸಾಲಿಗರು ಬಿಡಿಸೋಕೆ ಬರೋ ಅಂಟು ಯಾಕೆ ಬಳಸಿದರು? ಚಿನ್ನ ಅಂತ. ಒಂದು ಗುಲಗಂಜಿ ತೂಕವೂ ವ್ಯರ್ಥ ಆಗಬಾರದು ಅಂತ. ಬೆಲೆ ಇದೆ ಅಂತ ನಾವು ನಂಬಿದ ವಸ್ತುವಿಗೆ ಬಿಡಿಸೋ ದಾರಿ ಮೊದಲೇ ಯೋಚಿಸ್ತೀವಿ. ಎಸೆಯೋದೇ ಅಂತ ಮನಸ್ಸಲ್ಲಿ ತೀರ್ಮಾನ ಮಾಡಿದ್ದಕ್ಕೆ ಬಿಡಿಸಲಾಗದ ಅಂಟು ಹಾಕ್ತೀವಿ.

ಈಗ ವಿಜ್ಞಾನಿಗಳು ಹುಡುಕ್ತಾ ಇರೋದು ಎಪಾಕ್ಸಿಯಷ್ಟು ಗಟ್ಟಿಯಾದ ಅರಗನ್ನ. ಇಲ್ಲಿ ನಿಮಗೊಂದು ಅನುಮಾನ ಬರಬೇಕು, ಬಂದೇ ಬಂದಿರುತ್ತೆ. ಬಿಡಿಸೋಕೆ ಬರೋ ಅಂಟು ಅಂದರೆ ಗಾಳಿಯಲ್ಲಿ ತಿರುಗ್ತಾ ಇರೋವಾಗಲೇ ಬಿಟ್ಕೊಂಡರೆ? ವಿಮಾನ ಹಾರ್ತಾ ಇರೋವಾಗ? ಒಳ್ಳೇ ಪ್ರಶ್ನೆ. ಉತ್ತರ ಒಂದು ಮಾತಲ್ಲಿದೆ: ಬೀಗ. ಮನೆಗೆ ಬೀಗ ಹಾಕ್ತೀವಿ, ಮಳೆ ಬಂತು ಅಂತ ಬೀಗ ತೆರ್ಕೊಳ್ಳುತ್ತಾ? ತೆರೆಯೋದು ಅದರ ಕೀಲಿಕೈಗೆ ಮಾತ್ರ. ಹಾಗೇ ಈ ಅಂಟಿಗೂ ಒಂದು ಕೀಲಿಕೈ ಇರುತ್ತೆ. ಆ ವಸ್ತು ತನ್ನ ಜೀವಮಾನದಲ್ಲಿ ಯಾವತ್ತೂ ಎದುರಿಸದೇ ಇರೋ ಪರಿಸ್ಥಿತಿಯನ್ನೇ ಕೀಲಿಕೈ ಮಾಡಬೇಕು. ಜಾಣತನ ಇರೋದು ಅಲ್ಲಿ.

ಮೊದಲ ಕೀಲಿಕೈ, ಆಮ್ಲ. ಮನೇಲಿ ಬಳಸೋ ಅರಾಲ್ಡೈಟ್ ನೋಡಿದ್ದೀರಲ್ಲ, ಎರಡು ಟ್ಯೂಬು. ಒಂದರಲ್ಲಿ ರಾಳ, ಇನ್ನೊಂದರಲ್ಲಿ ಹಾರ್ಡನರ್. ಎರಡು ಸೇರಿದಾಗ ಬಲೆ ಕಟ್ಟುತ್ತೆ. ಈಗ ಆ ಹಾರ್ಡನರ್ ಒಳಗೇ ಒಂದು ದುರ್ಬಲ ಕೊಂಡಿ ಇಟ್ಟರೆ? ಬಿಸಿಲಿಗೆ, ಮಳೆಗೆ ಆ ಕೊಂಡಿ ಜಗ್ಗಲ್ಲ. ಬಿಸಿ ಮಾಡಿದ ಸೌಮ್ಯ ಆಮ್ಲದ ದ್ರಾವಣದಲ್ಲಿ ಮುಳುಗಿಸಿದರೆ ಮಾತ್ರ ಕಳಚ್ಕೊಳ್ಳುತ್ತೆ. ಇಂಥ ರಾಳ ಬಳಸಿ ಸೀಮೆನ್ಸ್ ಗಮೇಸಾ ಕಂಪನಿ 2021ರಲ್ಲಿ ಡೆನ್ಮಾರ್ಕ್‌ನ ಆಲ್ಬೋರ್ಗ್ ಕಾರ್ಖಾನೆಯಲ್ಲಿ 81 ಮೀಟರ್ ಉದ್ದದ ಆರು ರೆಕ್ಕೆ ಮಾಡಿತು. 2022ರಲ್ಲಿ ಜರ್ಮನಿಯ ಉತ್ತರ ಸಮುದ್ರದಲ್ಲಿ, ಕಾಸ್ಕಾಸಿ ಅನ್ನೋ ಗಾಳಿ ವಿದ್ಯುತ್ ತಾಣದಲ್ಲಿ ಅಂಥ ರೆಕ್ಕೆ ತಿರುಗೋಕೆ ಶುರು ಆಯ್ತು. ಮುಂದೊಂದು ದಿನ ಇಳಿದಾಗ ಗಾಜುನೂಲು, ಮರ, ಲೋಹ, ರಾಳ ಎಲ್ಲ ಬೇರೆ ಬೇರೆ ಬರಬೇಕು ಅನ್ನೋದು ಲೆಕ್ಕ. ಆ ರಾಳದ ರಸಾಯನ ಕೊಟ್ಟಿದ್ದು ಯಾರು ಗೊತ್ತಾ? ನಮ್ಮ ದೇಶದ ಆದಿತ್ಯ ಬಿರ್ಲಾ ಸಮೂಹ. ರಿಸೈಕ್ಲಮೀನ್ ಅಂತ ಅದರ ಹೆಸರು.

ಎರಡನೇ ಕೀಲಿಕೈ, ಶಾಖ. ಡೀಲ್ಸ್ ಮತ್ತು ಆಲ್ಡರ್ ಅನ್ನೋ ಇಬ್ಬರು ಜರ್ಮನ್ ರಸಾಯನ ವಿಜ್ಞಾನಿಗಳಿಗೆ 1950ರಲ್ಲಿ ನೊಬೆಲ್ ಬಂತು. ಅವರು ಕಂಡುಹಿಡಿದ ಕ್ರಿಯೆಯ ಒಂದು ವಿಶೇಷ ಏನಂದರೆ, ಕೆಲವು ಜೋಡಿ ಅಣುಗಳು ತಣ್ಣಗಿದ್ದಾಗ ಕೂಡಿಕೊಂಡು, ನೂರು ಡಿಗ್ರಿ ಸೆಲ್ಸಿಯಸ್ ದಾಟಿ ಬಿಸಿ ಮಾಡಿದರೆ ಬೇರೆಯಾಗ್ತವೆ. ಆರಿಸಿದರೆ ಮತ್ತೆ ಕೂಡ್ತವೆ. ಇದನ್ನ ಅಂಟಿಗೆ ತಂದರೆ ಅದು ಅಕ್ಕಸಾಲಿಗರ ಅರಗೇ ಆಯ್ತಲ್ಲ! 2011ರಲ್ಲಿ ಪ್ಯಾರಿಸ್‌ನಲ್ಲಿ ಲುಡ್ವಿಕ್ ಲೈಬ್ಲರ್ ತಂಡ ಇನ್ನೊಂದು ದಾರಿ ತೋರಿಸಿತು. ಅಲ್ಲಿ ಬಲೆ ಹರಿಯೋದೇ ಇಲ್ಲ. ಬಿಸಿಯಾದಾಗ ಅಣುಗಳು ಹಿಡಿದ ಕೈ ಬಿಟ್ಟು ಪಕ್ಕದವರ ಕೈ ಹಿಡೀತವೆ. ಕೋಲಾಟದಲ್ಲಿ ಜೋಡಿ ಬದಲಾಯಿಸ್ತಾರಲ್ಲ, ಹಾಗೆ. ಸುತ್ತು ಒಡೆಯಲ್ಲ, ಆಕಾರ ಮಾತ್ರ ಬದಲಾಗುತ್ತೆ. ಇಂಥವಕ್ಕೆ ವಿಟ್ರಿಮರ್ ಅಂತ ಹೆಸರಿಟ್ಟರು.

ಮೂರನೇ ಕೀಲಿಕೈ, ವಿದ್ಯುತ್. ಇದು ಆಗಲೇ ಅಂಗಡಿಗೆ ಬಂದಿದೆ. 2024ರಲ್ಲಿ ಬಂದ ಐಫೋನ್ 16ರಲ್ಲಿ ಬ್ಯಾಟರಿ ಹಿಡಿದಿರೋ ಅಂಟು ಹೀಗಿದೆ: ಅಂಗಡಿಯಲ್ಲಿ ಸಿಗೋ 9 ವೋಲ್ಟ್ ಬ್ಯಾಟರಿಯ ಎರಡು ತಂತಿ ತಾಗಿಸಿ, ಒಂದೆರಡು ನಿಮಿಷ ಕಾದರೆ ಅಂಟು ತಾನಾಗೇ ಬಿಟ್ಕೊಳ್ಳುತ್ತೆ. ಚಾಕು ಹಾಕಿ ಎಬ್ಬಿಸೋ ಹಂಗಿಲ್ಲ, ಬೆಂಕಿಯ ಭಯ ಇಲ್ಲ. ಯಾಕೆ ಬಂತು ಈ ಬುದ್ಧಿ? ಯುರೋಪಿನಲ್ಲಿ ಒಂದು ಕಾನೂನು ಕಾಯ್ತಾ ಇದೆ. 2027ರ ಫೆಬ್ರವರಿ 18ರಿಂದ ಅಲ್ಲಿ ಮಾರೋ ಇಂಥ ಉಪಕರಣಗಳ ಬ್ಯಾಟರಿಯನ್ನ ಬಳಸೋರೇ ತೆಗೆದು ಹಾಕೋ ಹಾಗಿರಬೇಕು. ಕಂಪನಿಗಳು ಏನೇ ಕಾರಣ ಹೇಳಲಿ, ಅಂಥದ್ದೊಂದು ತಾರೀಕು ಎದುರಿಗೆ ಇದ್ದರೆ ಲ್ಯಾಬಿನ ದೀಪ ರಾತ್ರಿಯೂ ಉರಿಯುತ್ತೆ. ನಮ್ಮಲ್ಲೂ 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕು ಅಂತ ಸಮಿತಿ ಮಾಡಿತು, ಪೋರ್ಟಲ್ ಕೂಡ ತೆರೆಯಿತು. ಪೋರ್ಟಲ್‌ನಲ್ಲಿ ಮಾಹಿತಿ ಸಿಗುತ್ತೆ, ನಿಜ. ಅಮ್ಮನ ಫೋನಿನ ಅಂಟು ಪೋರ್ಟಲ್ ನೋಡಿ ಬಿಡಲಿಲ್ಲ.

ಎಲ್ಲಾ ಸರಿಹೋಯ್ತು ಅಂತ ನಾನು ಹೇಳ್ತಾ ಇಲ್ಲ. ಸುಳ್ಳು ಭರವಸೆ ಕೊಡೋಕೆ ಬೇರೆಯವರಿದ್ದಾರೆ. ಇದರಲ್ಲಿ ಮೂರು ತೊಡಕಿದೆ. ಒಂದು, ಹೊಸ ಅಂಟು ಹಳೇ ರೆಕ್ಕೆಗೆ ಉಪಯೋಗ ಇಲ್ಲ. ಜೋಗಿಮಟ್ಟಿಯ ಮೇಲೆ ಇರೋದು ಹಳೇ ದೋಸೆ, ಅದು ದೋಸೆಯೇ. ಅದನ್ನೂ ರಸಾಯನದಿಂದ ಬಿಡಿಸಬಹುದು ಅಂತ ಡೆನ್ಮಾರ್ಕ್‌ನ ಆರ್‌ಹುಸ್ ವಿಶ್ವವಿದ್ಯಾಲಯದವರು 2023ರಲ್ಲಿ ತೋರಿಸಿದರು, ಆದರೆ ಪ್ರಯೋಗಾಲಯದ ಪಾತ್ರೆಯಿಂದ ಕಾರ್ಖಾನೆಯ ಕೊಪ್ಪರಿಗೆಗೆ ದಾರಿ ಉದ್ದ. ಎರಡು, ನಂಬಿಕೆ. ಇಪ್ಪತ್ತೈದು ವರ್ಷ ಹಿಡಿದಿರುತ್ತೆ ಅಂತ ಖಾತ್ರಿ ಆಗಬೇಕಾದರೆ ಪರೀಕ್ಷೆಗಳು ಬೇಕು, ವಿಮಾನಕ್ಕಾದರಂತೂ ಇನ್ನೂ ಹೆಚ್ಚು. ಆತುರ ಮಾಡೋ ಹಾಗಿಲ್ಲ. ಮೂರು, ದುಡ್ಡು. ಹೊಸ ಗಾಜುನೂಲು ಅಗ್ಗ. ಬಿಡಿಸಿ ತೆಗೆದದ್ದು ಅದಕ್ಕಿಂತ ದುಬಾರಿಯಾದರೆ ಯಾರು ಕೊಳ್ತಾರೆ? ವಿಮಾನದ ಕಾರ್ಬನ್ ನೂಲಿಗಾದರೆ ಬೆಲೆ ಜಾಸ್ತಿ, ಅಲ್ಲಿ ಲೆಕ್ಕ ಬೇಗ ಕೂಡಿಬರಬಹುದು. ಗಾಜಿಗೆ ಕಷ್ಟ. ಅದಕ್ಕೇ ಇದನ್ನ ಬರೀ ಮಾರುಕಟ್ಟೆಗೆ ಬಿಟ್ಟರೆ ಆಗಲ್ಲ ಅನ್ನೋದು.

ಹಾಗಾದರೆ ನಾನು ಕೇಳೋದು ಏನು? ಸರ್ಕಾರಕ್ಕೆ ಒಂದು ಮಾತು. ಇವತ್ತು ಬೆಟ್ಟದ ಮೇಲೆ ಹೊಸ ಯಂತ್ರಕ್ಕೆ ಒಪ್ಪಿಗೆ ಕೊಡೋವಾಗ, ಎಷ್ಟು ಮೆಗಾವ್ಯಾಟ್, ಯೂನಿಟ್‌ಗೆ ಎಷ್ಟು ರೂಪಾಯಿ ಅಂತ ಕೇಳ್ತೀರಲ್ಲ, ಅದೇ ಕಾಗದದಲ್ಲಿ ಇನ್ನೊಂದು ಸಾಲು ಸೇರಿಸಿ: ರೆಕ್ಕೆ ಯಾವ ರಾಳದ್ದು, ಇಳಿದ ಮೇಲೆ ಹೇಗೆ ಬಿಡಿಸ್ತೀರಿ, ಖರ್ಚು ಯಾರದು. ಆ ಖರ್ಚಿನ ದುಡ್ಡನ್ನ ಮೊದಲ ದಿನವೇ ಠೇವಣಿ ಇಡಿಸಿ. ಇಪ್ಪತ್ತೈದು ವರ್ಷ ಆದ ಮೇಲೆ ಕಂಪನಿ ಇರುತ್ತೋ ಇಲ್ವೋ, ಹಳ್ಳಿ ಇರುತ್ತೆ.

ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರುಗಳಿಗೆ ಒಂದು ಮಾತು. ಸಾರ್, ಮೇಡಂ, ಮುಂದಿನ ವೈವಾದಲ್ಲಿ ದಯವಿಟ್ಟು ಹನ್ನೊಂದನೇ ಪ್ರಶ್ನೆ ಕೇಳಿ. ಎಷ್ಟು ಬಲಕ್ಕೆ ಬಿಡುತ್ತೆ ಅನ್ನೋದರ ಜೊತೆ, ಬಿಡಬೇಕಾದಾಗ ಹೇಗೆ ಬಿಡುತ್ತೆ ಅಂತಲೂ ಕೇಳಿ. ನಮ್ಮನ್ನ ಯಾರೂ ಕೇಳಲಿಲ್ಲ. ಮುಂದಿನ ಹುಡುಗ ಹುಡುಗಿಯರಿಗಾದರೂ ಅದು ತಪ್ಪಬಾರದು.

ಮನೇಲಿ ಕೂತು ನೋಡ್ತಾ ಇರೋ ನಿಮಗೂ ಒಂದು ಮಾತು. ಮುಂದಿನ ಫೋನು ತಗೊಳ್ಳೋವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳಿ, ಬೇಡ ಅನ್ನಲ್ಲ. ಜೊತೆಗೆ ಬ್ಯಾಟರಿ ಈಚೆ ಬರುತ್ತಾ ಅಂತಲೂ ಕೇಳಿ. ಅಂಗಡಿಯವನು ತಲೆ ಕೆರ್ಕೊಳ್ತಾನೆ. ಕೆರ್ಕೊಳ್ಳಲಿ. ನೂರು ಜನ ಕೇಳಿದರೆ ಆ ಪ್ರಶ್ನೆ ಮೇಲಕ್ಕೆ ಹೋಗುತ್ತೆ.

ಹಿರಿಯೂರಿನ ಹತ್ತಿರದ ಆ ಯಜಮಾನರು ಈ ಕಾರ್ಯಕ್ರಮ ನೋಡ್ತಾ ಇದ್ದರೆ, ಅಣ್ಣಾ, ಅವತ್ತು ನಕ್ಕು ಎದ್ದುಬಂದೆ, ಕ್ಷಮೆ ಇರಲಿ. ಇವತ್ತಿನ ಉತ್ತರ: ಆ ರೆಕ್ಕೆಗೆ ಕೆಜಿಗೆ ಸೊನ್ನೆ ರೂಪಾಯಿ. ಅದಕ್ಕೊಂದು ಬೆಲೆ ಬರಬೇಕಾದರೆ ಅಂಟಿಸೋ ದಿನವೇ ಬಿಡಿಸೋದನ್ನ ಯೋಚನೆ ಮಾಡಿರಬೇಕು. ಮುಂದಿನ ಸಲ ಆ ಕಡೆ ಬಂದಾಗ ನಿಲ್ಲಿಸ್ತೀನಿ. ಟೀ ನನ್ನ ಲೆಕ್ಕದಲ್ಲಿ.